ಕೊಸರಿಗೆ ಹಾಕಿದ ಮರಿಗಳು

ಚಾಚಾ ತಮ್ಮ ಹತ್ತೂ ಬೆರಳಿನ ಉಗುರುಗಳನ್ನು ಮಾಂಸಕ್ಕೆ ಹತ್ತುವಷ್ಟು ಕತ್ತರಿಸಿಕೊಂಡಿರುತ್ತಿದ್ದರು, ಮೀನುಮರಿಯ ಮೈಗೆ ಗೀರು ಬೀಳಬಾರದೆಂದು. ಹಗರಿಬೊಮ್ಮನಹಳ್ಳಿ ಹತ್ತಿರದ ಮರಿ ಸಾಕುವ ತೊಟ್ಟಿಗಳಲ್ಲಿ ಅವರು ದಿನಗೂಲಿಗೆ ದುಡಿಯುತ್ತಿದ್ದರು; ಅಲ್ಲಿ ಎಲ್ಲರಿಗೂ ಅವರು ಚಾಚಾ. ನಾನು ಪಿಎಚ್‌.ಡಿ. ಮಾಡಲು ಬಂದ ತಲೆತಿರುಕಿ. ಮೊದಲ ದಿನವೇ ಗದರಿದ್ದರು: “ಕೈ ತೋಯಿಸ್ಕೊಂಡು ಹಿಡೀರಿ ಮೇಡಂ. ಒಣ ಕೈ ಅದಕ್ಕ ಸುಡ್ತೈತಿ.”

ರೋಹು ಮರಿಗಳಿಗೆ ಗುರುತು ಹಾಕುವ ಎರಡು ವಿಧಾನಗಳಲ್ಲಿ ಯಾವುದು ಮೇಲೆಂದು ನೋಡುವುದು ನನ್ನ ಕೆಲಸ. ಒಂದು ತೊಟ್ಟಿಯ ಮರಿಗಳಿಗೆ ರೆಕ್ಕೆಯ ತುದಿ ಕತ್ತರಿಸಿದ್ದೆ. ಇನ್ನೊಂದು ತೊಟ್ಟಿಯವಕ್ಕೆ ಸೂಜಿಯಿಂದ ಚರ್ಮದಡಿ ಕೆಂಪು ಬಣ್ಣ ಇಳಿಸಿದ್ದೆ. ತಿಂಗಳಾದ ಮೇಲೆ ಎಣಿಸಿದರೆ ಎರಡರಲ್ಲೂ ಒಂದು ಮರಿಯೂ ಕಡಿಮೆಯಿಲ್ಲ! ಆದರೆ ಬಣ್ಣದ ತೊಟ್ಟಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮರಿಗಳ ಮೈಮೇಲೆ ಗುರುತೇ ಇಲ್ಲ. ‘ಬಣ್ಣದಿಂದ ಮರಿ ಸಾಯುವುದಿಲ್ಲ, ಆದರೆ ಬಣ್ಣ ನಿಲ್ಲುವುದಿಲ್ಲ’ ಎಂದು ವರದಿ ಬರೆದು ಮಾರ್ಗದರ್ಶಕರ ಮುಂದಿಟ್ಟೆ. ಅವರು ಸಹಿಗೆ ಪೆನ್ನು ತೆಗೆದಿದ್ದರು. ಅಷ್ಟರಲ್ಲಿ ಚಾಚಾ ಒಳಗೆ ಬಂದರು.

“ಬಣ್ಣ ಹೋಗಿಲ್ರಿ. ಸತ್ತಷ್ಟು ಮರಿ ಪಕ್ಕದ ಕೊಳದಾಗಿಂದ ನಾನೇ ತಂದು ಹಾಕೀನಿ.”

ಕೆರೆಗೆ ಬಿಡುವವರು ಮರಿ ಒಯ್ಯುವಾಗ, ದಾರಿಯಲ್ಲಿ ಸಾಯುವವಕ್ಕೆಂದು ಒಂದು ಬೊಗಸೆ ಕೊಸರು ಹಾಕಿ ಕೊಡುವುದು ಅಲ್ಲಿನ ರೂಢಿ. ಅದೇ ರೂಢಿಯಲ್ಲಿ ನನ್ನ ತೊಟ್ಟಿಯನ್ನೂ ತುಂಬಿಸಿದ್ದರು.

“ಯಾಕ್ರಿ ಚಾಚಾ, ಈಗ ಹೇಳ್ತೀರಿ?” ಎಂದು ಕಿರುಚಿದೆ.

“ಬಣ್ಣ ನಿಲ್ಲಂಗಿಲ್ಲ ಅಂತ ನೀವು ಬರ್ದಿದ್ದು ತೊಟ್ಟಿ ಹುಡುಗರು ಹೇಳಿ ಈಗ ಗೊತ್ತಾತ್ರಿ.” ಕೈಚೀಲದಿಂದ ಉಪ್ಪಿನಕಾಯಿ ಬಾಟಲಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. “ಸತ್ತದ್ದನ್ನ ಹೊರಗ ಚೆಲ್ಲಿದ್ರ ಕೊಕ್ಕರಿಗೆ ರುಚಿ ಹತ್ತತೈತ್ರಿ. ಅದಕ್ಕ ಉಪ್ಪುನೀರಾಗ ಇಟ್ಟಿದ್ದೆ.”

ಬಾಟಲಿ ಬಗ್ಗಿಸಿ ಎಣಿಸಿದೆ. ತೊಟ್ಟಿಯಲ್ಲಿ ಗುರುತಿಲ್ಲದವು ಎಷ್ಟೋ, ಬಾಟಲಿಯಲ್ಲೂ ಅಷ್ಟೇ. ಪ್ರತಿಯೊಂದರ ಮೈಯಲ್ಲೂ ಕೆಂಪು ಹಾಗೇ ಇತ್ತು. ಬಣ್ಣ ನಿಲ್ಲುತ್ತದೆ, ಮರಿ ಸಾಯುತ್ತದೆ. ನಾನು ಬರೆದದ್ದು ಪೂರಾ ಉಲ್ಟಾ.

“ನಾಳೆಯಿಂದ ಈತ ತೊಟ್ಟಿ ಕಡೆ ಸುಳಿಯಬಾರದು,” ಎಂದರು ಮಾರ್ಗದರ್ಶಕರು.

ನನ್ನ ಪದವಿ ಉಳಿಸಿದವರ ಕೆಲಸ ನನ್ನ ಕಣ್ಣೆದುರೇ ಹೋಗುತ್ತಿತ್ತು. ಚಾಚಾ ಪರ ಮಾತಾಡಿದರೆ ಸಹಿ ಸಿಗಲಿಕ್ಕಿಲ್ಲವೆಂದು ಹೆದರಿ ನಾನು ವರದಿಯ ತಪ್ಪು ಸಾಲನ್ನು ಹೊಡೆದುಹಾಕುತ್ತ ಕೂತೆ. “ಲೆಕ್ಕ ಸರಿ ಆತಲ್ರಿ ಮೇಡಂ, ಸಾಕು,” ಎಂದು ಚಾಚಾ ಹೊರಟುಹೋದರು.

ಕ್ಷಮೆ ಕೇಳಬೇಕೆಂದು ವರ್ಷಗಟ್ಟಲೆ ಅಂದುಕೊಂಡೆ, ಹೋಗಲಿಲ್ಲ. ಹೋದ ವರ್ಷ ಕೊಟ್ಟೂರಿನ ಮಗಳ ಮನೆಯಲ್ಲಿ ತೀರಿಕೊಂಡರಂತೆ. ಈಗ ನನ್ನ ಕೈಕೆಳಗಿನವರು ಯಾರಾದರೂ ತಪ್ಪು ಒಪ್ಪಿಕೊಳ್ಳಲು ಬಂದರೆ ಮೊದಲು ಕುರ್ಚಿ ತೋರಿಸುತ್ತೇನೆ. ಅವತ್ತು ಚಾಚಾ ಅಷ್ಟು ಹೊತ್ತೂ ನಿಂತೇ ಇದ್ದರು.