ಜಯಂತಿಯವರಿಗೆ ನಾನು ಹೇಳದೆ ಬಿಟ್ಟದ್ದು

ಫಾರ್ಮ್.ಡಿ. ಮುಗಿಸಿ ಮಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್ ಆಗಿ ಸೇರಿದ ಎರಡನೆಯ ವರ್ಷ ಇದು ನಡೆಯಿತು. ಹೊಸ ಔಷಧ ಆರಂಭಿಸುವವರನ್ನು ಕೂರಿಸಿಕೊಂಡು, ಅದನ್ನು ಹೇಗೆ ತೆಗೆದುಕೊಳ್ಳಬೇಕು, ಏನು ಮಾಡಬಾರದು ಎಂದು ವಿವರಿಸುವುದು ನನ್ನ ಕೆಲಸ.

ಎಕ್ಸಿಮಾ ಮತ್ತು ಅಸ್ತಮಾ ಎರಡಕ್ಕೂ ಕೊಡುವ ಆಂಟಿಬಾಡಿ ಇಂಜೆಕ್ಷನ್ ಒಂದರ ಬಳಕೆ ನಮ್ಮಲ್ಲಿ ಆಗಷ್ಟೇ ಶುರುವಾಗಿತ್ತು. ಅಲರ್ಜಿಯ ಉರಿಯೂತವನ್ನು ಹೆಚ್ಚಿಸುವ ಸಂಕೇತಗಳನ್ನು ಅದು ದೇಹದೊಳಗೆ ತಡೆಯುತ್ತದೆ. ಮೊದಲ ದಿನ 300 ಮಿಲಿಗ್ರಾಂನ ಎರಡು ಸಿರಿಂಜ್, ಆಮೇಲೆ ಎರಡು ವಾರಕ್ಕೊಂದು. ಫ್ರಿಜ್‌ನಿಂದ ತೆಗೆದ ಸಿರಿಂಜನ್ನು ನಲವತ್ತೈದು ನಿಮಿಷ ಹೊರಗಿಟ್ಟು, ತಂಪು ಬಿಟ್ಟ ಮೇಲೆ ಚುಚ್ಚಬೇಕು. ಅಷ್ಟರಲ್ಲಿ ನಾನು ಹನ್ನೆರಡು ಅಂಶಗಳ ಹಾಳೆಯೊಂದನ್ನು ವಿವರಿಸಿ ಮುಗಿಸಬೇಕು. ಒಂದೊಂದು ಅಂಶ ಹೇಳಿದ ಮೇಲೆ ಒಂದೊಂದು ರೈಟ್ ಮಾರ್ಕ್, ಕೊನೆಗೆ ಇಬ್ಬರ ಸಹಿ.

ನಮ್ಮ ಕೋಣೆಯಲ್ಲಿ ಮಾತ್ರ ಬೇರೆಯೇ ರೂಢಿಯಿತ್ತು. ರೋಗಿ ಬಂದ ಕೂಡಲೇ ಹನ್ನೆರಡಕ್ಕೂ ಗುರುತು ಹಾಕಿ, ಸಹಿ ಮಾಡಿಸಿಕೊಂಡು, ಆಮೇಲೆ ಮಾತು. ಹಿರಿಯರು ಹಾಗೆ ಮಾಡುತ್ತಿದ್ದರು, ನಾನೂ ಮಾಡಿದೆ. ಹೊಣೆಯನ್ನು ಅವರ ಮೇಲೆ ಹಾಕಲಾರೆ. ಅದು ತಪ್ಪೆಂದು ನಾನು ಓದಿಕೊಂಡೇ ಬಂದಿದ್ದೆ.

ಜಯಂತಿ ಕುದ್ರೋಳಿಯಲ್ಲಿ ರವಿಕೆ ಹೊಲಿಯುವ ಅಂಗಡಿ ಇಟ್ಟವರು. ವಯಸ್ಸು ನಲವತ್ತೆಂಟು. ಎರಡೂ ಕೈಗಳ ಚರ್ಮ ಒಡೆದು ಒಸರುತ್ತಿದ್ದುದರಿಂದ ಬಿಳಿ ಬಟ್ಟೆ ಹೊಲಿಯಲು ಒಪ್ಪಿಕೊಳ್ಳುತ್ತಿರಲಿಲ್ಲ. ಅಸ್ತಮಾಕ್ಕೆ ದಿನಕ್ಕೆರಡು ಸಲ ಸ್ಟೀರಾಯ್ಡ್ ಇನ್‌ಹೇಲರ್ ಎಳೆಯುತ್ತಿದ್ದರು.

“ತುರಿಕೆ ನಿಲ್ತದಾ ಮೇಡಂ?” ಎಂದು ಕೇಳಿದರು.

“ಹೆಚ್ಚಿನವರಿಗೆ ಕಡಿಮೆ ಆಗ್ತದೆ.”

“ಹದಿನೈದು ವರ್ಷದಿಂದ ತುರಿಸ್ತಾ ಇದ್ದೇನೆ ಮಾರಾಯ್ರೆ. ನಿಂತರೆ ಈ ಕೈಗೆ ಬೇರೆ ಎಂತ ಕೆಲಸ ಕೊಡುವುದು?”

ಇಬ್ಬರೂ ನಕ್ಕೆವು. ಎಂಟನೆಯ ಅಂಶಕ್ಕೆ ಬರುವಾಗ ಸಿರಿಂಜ್ ಸಿದ್ಧವಾಗಿದೆಯೆಂದು ಸಿಸ್ಟರ್ ಕರೆದರು. ಉಳಿದದ್ದನ್ನು ಮುಂದಿನ ಸಲ ಹೇಳಿದರಾಯಿತು ಎಂದುಕೊಂಡೆ. ಎರಡು ವಾರದ ನಂತರ ಹಾಳೆ ತೆಗೆದರೆ ಹನ್ನೆರಡೂ ಗುರುತುಗಳಿದ್ದವು. ಎಲ್ಲ ಹೇಳಿಯಾಗಿದೆ ಎಂದು ನಾನೇ ನಂಬಿದೆ.

ಹತ್ತನೆಯ ಅಂಶ ಹೀಗಿತ್ತು: ಉಸಿರಾಟ ಸುಲಭವಾಯಿತೆಂದು ಇನ್‌ಹೇಲರ್ ನಿಲ್ಲಿಸಬಾರದು, ವೈದ್ಯರು ಹೇಳಿದರೆ ಮಾತ್ರ ನಿಧಾನವಾಗಿ ಕಡಿಮೆ ಮಾಡಬೇಕು.

ಎರಡು ತಿಂಗಳಲ್ಲಿ ಅವರ ಕೈ ಗುಣವಾಯಿತು. ಕ್ರಿಶ್ಚಿಯನ್ ಮದುಮಗಳೊಬ್ಬಳ ಬಿಳಿ ಗೌನಿಗೆ ಲೇಸ್ ಹೊಲಿದೆನೆಂದು ಫೋನಿನಲ್ಲಿ ಚಿತ್ರ ತೋರಿಸಿದರು. ಉಸಿರೂ ಹಗುರವಾಗಿತ್ತು. ಅವರು ಇನ್‌ಹೇಲರ್ ಬಿಟ್ಟರು. ಕೆಲವು ವಾರಗಳ ನಂತರ ಒಂದು ಬೆಳಿಗ್ಗೆ ಅಂಗಡಿಯಲ್ಲೇ ಉಸಿರುಕಟ್ಟಿ ಕುಸಿದರು. ಬಟ್ಟೆ ಕೊಡಲು ಬಂದಿದ್ದವರು ರಿಕ್ಷಾದಲ್ಲಿ ಕರೆತಂದರು. ಎರಡು ದಿನ ಐಸಿಯು.

ಮೂರನೆಯ ದಿನ ವಾರ್ಡಿನಲ್ಲಿ ಶ್ವಾಸಕೋಶ ತಜ್ಞರು ನನ್ನ ಹಾಳೆಯನ್ನು ಜಯಂತಿಯವರ ಮುಂದೆ ಹಿಡಿದರು. “ಇಲ್ಲಿ ಮಾರ್ಕ್ ಉಂಟು, ನಿಮ್ಮ ಸಹಿಯೂ ಉಂಟು. ಹೇಳಿದ್ದಾರಲ್ಲ? ಮತ್ತೆ ಯಾಕೆ ನಿಲ್ಲಿಸಿದ್ದು?”

ಜಯಂತಿ ನನ್ನನ್ನು ನೋಡಿದರು. “ಹೌದು ಡಾಕ್ಟ್ರೇ, ಹೇಳಿದ್ದಾರೆ. ನನಗೇ ಮರೆತುಹೋಯ್ತು.”

“ಹೇಳಿದ್ದನ್ನು ಕೇಳದವರಿಗೆ ಈ ಇಂಜೆಕ್ಷನ್ ಮುಂದುವರಿಸ್ಲಿಕ್ಕೆ ನನಗೆ ಧೈರ್ಯ ಇಲ್ಲ. ಮುಂದಿನ ಡೋಸ್ ಬೇಡ.”

ನಾನು ಮಂಚದ ಕಾಲ ಬಳಿಯೇ ನಿಂತಿದ್ದೆ. ‘ರೋಗಿ ಸೂಚನೆ ಪಾಲಿಸಿಲ್ಲ’ ಎಂದು ನನ್ನ ದಾಖಲೆಯಲ್ಲಿ ನನ್ನ ಕೈಯಿಂದಲೇ ಬರೆದುಕೊಂಡೆ. ಈ ಬರಹದಲ್ಲಿ ನನಗೆ ಬರೆಯಲು ಅತಿ ಕಷ್ಟವಾದ ವಾಕ್ಯ ಇದೇ.

ಆ ದಾಖಲೆಯನ್ನು ಎರಡು ದಿನ ಹಾಗೆಯೇ ಬಿಟ್ಟೆ. ಬಿಡುಗಡೆಯ ದಿನ ಜಯಂತಿ ತಮ್ಮ ಅಂಗೈಗಳನ್ನು ನೋಡಿಕೊಳ್ಳುತ್ತ ಸಿಸ್ಟರನ್ನು ಕೇಳುತ್ತಿದ್ದರು: “ಇಂಜೆಕ್ಷನ್ ನಿಂತರೆ ಇದು ಪುನಃ ಮೊದಲಿನ ಹಾಗೇ ಆಗ್ತದಾ?” ನಾನು ನೇರ ವೈದ್ಯರ ಕೋಣೆಗೆ ಹೋಗಿ, ಗುರುತು ಮೊದಲೇ ಹಾಕಿದ್ದೆ, ಆ ಮಾತು ಹೇಳಿಯೇ ಇರಲಿಲ್ಲ ಎಂದೆ.

ಅವರು ಬೈಯಲಿಲ್ಲ. “ಇಂಥ ಹಾಳೆ ಎಷ್ಟಿವೆ?” ಎಂದರು.

“ಗೊತ್ತಿಲ್ಲ ಸರ್.”

ಆ ವಾರವಿಡೀ ಇಂಜೆಕ್ಷನ್ ಶುರು ಮಾಡಿದ್ದ ಒಬ್ಬೊಬ್ಬರಿಗೇ ಫೋನ್ ಮಾಡಿ ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಜಯಂತಿಯವರ ಡೋಸ್ ತಪ್ಪಲಿಲ್ಲ, ದಾಖಲೆಯೂ ತಿದ್ದುಪಡಿಯಾಯಿತು. ಅವರ ಬಳಿ ಹೋಗಿ ಕ್ಷಮೆ ಕೇಳಿದೆ. ನನ್ನನ್ನು ಉಳಿಸಲೆಂದು ಅವರು ಹಾಗೆ ಹೇಳಿದ್ದರೆಂದು ನಾನು ಭಾವಿಸಿದ್ದೆ, ಅದನ್ನೂ ಹೇಳಿದೆ.

“ನಿಮ್ಮನ್ನು ಉಳಿಸ್ಲಿಕ್ಕೆ ಅಲ್ಲ ಮೇಡಂ,” ಎಂದರು. “ನೀವು ಹೇಳ್ಲಿಲ್ಲ ಅಂತ ನನಗೆ ಗೊತ್ತುಂಟು. ಆದ್ರೆ ಕಾಗದದಲ್ಲಿ ಮಾರ್ಕ್ ಇರುವಾಗ ನಾನು ಇಲ್ಲ ಅಂದ್ರೆ ಯಾರು ನಂಬ್ತಾರೆ?”

ಮೊದಲೇ ಹಾಕಿದ ಗುರುತು ನನ್ನ ಸಮಯ ಉಳಿಸುತ್ತದೆಂದು ತಿಳಿದಿದ್ದೆ. ಅದು ಎದುರು ಕೂತವರ ಬಾಯಿಯನ್ನೂ ಕಟ್ಟುತ್ತದೆಂದು ಈ ಕೆಲಸ ನನಗೆ ಕಲಿಸಿದ್ದು ಹಾಗೆ. ಈಗ ರೋಗಿ ತನ್ನ ಮಾತಿನಲ್ಲಿ ತಿರುಗಿ ಹೇಳುವವರೆಗೆ ಹಾಳೆ ಖಾಲಿ ಇರುತ್ತದೆ.

ಜಯಂತಿ ಎರಡು ವಾರಕ್ಕೊಮ್ಮೆ ಬರುತ್ತಾರೆ. ನನ್ನನ್ನು ಕಂಡರೆ ನಗುತ್ತಾರೆ, ಊಟ ಆಯ್ತಾ ಎಂದು ವಿಚಾರಿಸುತ್ತಾರೆ. ಆದರೆ ಔಷಧದ ಬಗ್ಗೆ ಏನಾದರೂ ಕೇಳುವುದಿದ್ದರೆ ನನ್ನ ಬಾಗಿಲು ದಾಟಿ ಮುಂದೆ ಸಿಸ್ಟರ್ ಬಳಿಗೆ ಹೋಗುತ್ತಾರೆ.