ಕರಡಿಯ ದಾರಿಗೆ ಅಪ್ಪ ಹಾಕಿದ ಬೇಲಿ

‘ನಾನು ಚಿಕ್ಕವಳಿದ್ದಾಗ’ ಎಂದು ಶುರುಮಾಡಿದರೆ ಸಾಕು, ನೆನಪು ತಾನೇ ಬಣ್ಣ ಬಳಿದುಕೊಂಡು ಬಂದು ನಿಲ್ಲುತ್ತದೆ. ಪೂರ್ತಿ ನಂಬಬೇಡಿ ಮಕ್ಕಳೇ. ಕರಡಿಯ ಬೆನ್ನ ಮೇಲೆ ಎರಡು ಮರಿ ಇದ್ದವು ಎನ್ನುತ್ತೇನೆ ನಾನು. ಒಂದೇ ಇತ್ತು ಎನ್ನುತ್ತಾಳೆ ಅಕ್ಕ. ಬೇಲಿಯ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಜಗಳವಿಲ್ಲ.

ಹಿರೇಗುಂಟನೂರಿನ ಆಚೆ ನಮ್ಮ ಊರು. ಎರಡು ಕಡೆ ಎರಡು ಗುಡ್ಡ. ನಡುವಿನ ಕುರುಚಲು ಕಾಡನ್ನು ಕಡಿದು ಶೇಂಗಾ ಬಿತ್ತಿದ ಮೇಲೆ, ಹಣ್ಣು ಹುಡುಕುತ್ತ ಆ ಗುಡ್ಡದಿಂದ ಈ ಗುಡ್ಡಕ್ಕೆ ಬರುವ ಕರಡಿಗಳು ಹೊಲದಲ್ಲೇ ನಡೆಯತೊಡಗಿದವು. ಜನ ದೊಣ್ಣೆ ಹಿಡಿದರು. ಜನರಿಗೂ ಗಾಯ, ಕರಡಿಗೂ ಗಾಯ. ಕೊನೆಗೆ ಊರವರೆಲ್ಲ ಕೂತು ಮಾತಾಡಿ, ಹಳ್ಳದ ಪಕ್ಕದ ಒಂದು ಪಟ್ಟಿ ಜಾಗವನ್ನು ಕರಡಿಗೇ ಬಿಟ್ಟು, ಅಲ್ಲಿ ಕಾರೆ, ಕವಳೆ, ಸೀತಾಫಲ ಬೆಳೆಸಿದರು. ಕರಡಿ ಮತ್ತೆ ಹೊಲಕ್ಕೆ ನುಗ್ಗಿದರೆ ಆ ಪಟ್ಟಿಯನ್ನೂ ಉತ್ತುಬಿಡುವುದು ಎಂಬ ಮಾತೂ ಆಗಿತ್ತು. ಸಸಿಗಳಿಗೆ ಕುರಿ ಬಾಯಿ ಹಾಕದಂತೆ ಮುಳ್ಳಿನ ಬೇಲಿ ಹಚ್ಚುವ ಕೆಲಸ ಕುರಿ ಕಾಯುವ ಅಪ್ಪನದು.

ಒಂದು ಸಂಜೆ ಅಪ್ಪ, ಅಕ್ಕ, ನಾನು ಕುರಿ ಹೊಡೆದುಕೊಂಡು ಬರುತ್ತಿದ್ದೆವು. ಗಾಳಿಯಲ್ಲಿ ಕಿತ್ತ ಶೇಂಗಾ ಬಳ್ಳಿಯ ಹಸಿ ವಾಸನೆ. ಇದ್ದಕ್ಕಿದ್ದಂತೆ ಮುಂದಿನ ಟಗರು ನಿಂತಿತು. ಸೊಂಟದೆತ್ತರದ ಗಿಡಗಳ ನಡುವೆ, ಪಟ್ಟಿಯ ಆ ತುದಿಯ ಒಣಮುಳ್ಳಿನೊಳಗೆ ಹೇಗೋ ನುಗ್ಗಿಕೊಂಡು, ಮರಿ ಹೊತ್ತ ಕರಡಿ ಉಸ್ಸು ಉಸ್ಸೆನ್ನುತ್ತ ನಮ್ಮ ಕಡೆಗೇ ಬರುತ್ತಿತ್ತು. ಈ ತುದಿಯಲ್ಲಿ ಗಟ್ಟಿ ಜಾಲಿಮುಳ್ಳು. ಕಲ್ಲೆಸೆತದ ದೂರದಲ್ಲಿ ಕರಡಿ ತಡೆದು ನಿಂತಿತು. ಮೂಗು ಹೊಲದ ಕಡೆ ತಿರುಗಿತು. ಹೊಲ ಕಾಯುವವರು ಆಗಲೇ ದೊಣ್ಣೆ ಹಿಡಿದು ಎದ್ದಿದ್ದರು.

“ಅಪ್ಪಾ, ಇದೇನು ಕುರಿ ರೊಪ್ಪನಾ? ನಾಕೂ ಕಡೆ ಮುಚ್ಚಿದೀಯಲ್ಲ! ಅದು ಎಲ್ಲಿಂದ ಹೋಗ್ಬೇಕು?” ಎಂದಳು ಅಕ್ಕ.

ಅಪ್ಪನ ಮುಖ ಬಿಳಿಚಿತು. ಜೀವಮಾನವೆಲ್ಲ ಕುರಿ ಕೂಡುವ ರೊಪ್ಪ ಕಟ್ಟಿದ ಕೈ. ಮುಳ್ಳು ಸಿಕ್ಕರೆ ಸುತ್ತಲೂ ಮುಚ್ಚುವುದೊಂದೇ ಅದಕ್ಕೆ ಗೊತ್ತು.

“ಲೇ, ಬಾಯಿ ಮುಚ್ಕಂಡು ಕುರಿ ಹಿಂದಕ್ಕೆ ಹೊಡಿ!” ಎಂದವನೇ ಕವೆಗೋಲಿನಿಂದ, ಅದು ಸಾಲದೆ ಬರಿಗೈಯಿಂದ, ಮುಳ್ಳು ಎಳೆದು ಪಕ್ಕಕ್ಕೆ ಎಸೆಯತೊಡಗಿದ.

“ಏನಪ್ಪ, ಕರಡೀನೂ ಮಂದೆಗೆ ಸೇರಿಸ್ಕಂತೀಯೇನು?” ಹೊಲದಿಂದ ಒಬ್ಬ ಕೂಗಿದ.

“ಸುಮ್ಕೆ ನಿಂತ್ಕಳ್ರಿ! ಈಗ ದಾರಿ ಐತೆ, ಹೋಗ್ತೈತೆ!” ಎಂದ ಅಪ್ಪ.

ಓಡಿ ಬಂದು ನಮ್ಮನ್ನು ಬಂಡೆಯ ಮರೆಗೆ ಎಳೆದುಕೊಂಡ. ಅವನ ಅಂಗೈಯ ರಕ್ತ ನನ್ನ ತೋಳಿಗೆ ಬೆಚ್ಚಗೆ ಅಂಟಿತು. ಕರಡಿ ತೆರೆದ ಜಾಗವನ್ನು ಮೂಸಿತು, ಅನುಮಾನಿಸಿತು, ದಾಟಿತು. ಗುಡ್ಡದ ಕಲ್ಲುಗಳ ನಡುವೆ ಅದು ಕಾಣದಾದಾಗ ಹೊಲದವರು ದೊಣ್ಣೆ ಕೆಳಗಿಟ್ಟರು. ಅಪ್ಪ ಕುಂತಲ್ಲೇ ನಗತೊಡಗಿದ. ಎಷ್ಟು ಹೊತ್ತಾದರೂ ನಿಲ್ಲಿಸಲಿಲ್ಲ. ಆ ಪಟ್ಟಿಗೆ ನೇಗಿಲು ಬೀಳಲಿಲ್ಲ.

ಈಗ ಅದರ ಪಕ್ಕದ ರಸ್ತೆಯಲ್ಲೇ ನೀವು ಶಾಲೆಯ ವ್ಯಾನಿನಲ್ಲಿ ಹೋಗುತ್ತೀರಿ. ಗಿಡಗಳು ವ್ಯಾನಿಗಿಂತ ಎತ್ತರ. ಕಿಟಕಿಗೆ ಮೂಗೊತ್ತಿ ನೋಡಿ ನೋಡಿ ಮನೆಗೆ ಬಂದು, “ಅಜ್ಜಿ, ನಿಂಗೆ ಕರಡಿ ಕಾಣ್ತಿತ್ತು, ನಮಗೆ ಒಂದೂ ಕಾಣಲ್ಲ” ಎಂದು ಮುಖ ಊದಿಸುತ್ತೀರಿ. ನಮ್ಮ ಕಾಲದಲ್ಲಿ ಅವಕ್ಕೆ ಮರೆ ಇರಲಿಲ್ಲ, ಅದಕ್ಕೇ ಕಾಣುತ್ತಿದ್ದವು. ಇವತ್ತು ಬೆಳಿಗ್ಗೆ ಹಳ್ಳದ ಮರಳಿನಲ್ಲಿ ಹೊಸ ಹೆಜ್ಜೆಗಳಿದ್ದವು. ನೀವು ಯಾರೂ ನೋಡದಂತೆ ಕರಡಿ ದಾಟಿ ಹೋಗಿತ್ತು.