ಎಂಟನೇ ಕಂಬದ ಎದುರಿನ ದಿಮ್ಮಿ

ಒಂದಾನೊಂದು ಕಾಲದಲ್ಲಿ ಪುಟ್ಟ ಊರೊಂದಕ್ಕೆ ದೈತ್ಯನೊಬ್ಬ ನೆಂಟನಾಗಿ ಬಂದನಂತೆ. ಕೆಟ್ಟವನೇನಲ್ಲ. ಯಾರನ್ನೂ ತಿನ್ನಲಿಲ್ಲ, ಯಾರನ್ನೂ ಹೆದರಿಸಲಿಲ್ಲ. ಬಾಗಿಲು ಸಣ್ಣದಾಯಿತು ಎಂದ, ಊರವರು ಗೋಡೆ ಒಡೆದು ದೊಡ್ಡದು ಮಾಡಿಕೊಟ್ಟರು. ಕಾಲು ಚಾಚಲು ಆಗುತ್ತಿಲ್ಲ ಎಂದ, ಬೀದಿಬದಿಯ ಜಗಲಿ ಕಿತ್ತುಕೊಟ್ಟರು. ಒಂದು ಬೆಳಿಗ್ಗೆ ಊರಿನ ಕಣ್ಣು ಕಾಣದ ಮುದುಕನೊಬ್ಬ ಎಂದಿನಂತೆ ಜಗಲಿಯ ಅಂಚು ಸವರಿಕೊಂಡು ಬಂದು, ಜಗಲಿ ಇಲ್ಲದ ಕಡೆ ದೈತ್ಯನ ಹಿಮ್ಮಡಿಗೆ ಢಿಕ್ಕಿ ಹೊಡೆದು ಬಿದ್ದ. "ಜಗಲಿ ಕಿತ್ತೋರು ಯಾರಜ್ಜೀ?" ಎಂದು ನಾನು ಕೇಳಿದರೆ, ಈ ಕಥೆ ಹೇಳುತ್ತಿದ್ದ ನನ್ನ ಅಜ್ಜಿ, "ಯಾರೋ ಕೂಲಿಯವಳು ಕಣೇ. ಕಥೇಲಿ ಅವಳಿಗೆ ಹೆಸರಿಲ್ಲ" ಎನ್ನುತ್ತಿದ್ದಳು.

ನಮ್ಮ ಊರು ಮರ್ರಂಗಲ್‌ನಲ್ಲಿ ಅವಳಿಗೆ ಹೆಸರಿದೆ. ಗ್ಲೆನಿಸ್ ಹಾರ್ಕಿನ್. ವಯಸ್ಸು ಅರವತ್ತೆರಡು.

ಬೆಳಗಿನ ಆರು ಗಂಟೆ. ಭೂಮಿಯ ಈ ದಕ್ಷಿಣ ಭಾಗಕ್ಕೆ ಚಳಿಗಾಲವಾದ ಜುಲೈ ತಿಂಗಳ ಮಂಜು ಡಾಂಬರಿನ ಮೇಲೆ ಪುಡಿ ಉಪ್ಪಿನಂತೆ ಕೂತಿದೆ. ಗೋಧಿ ಕಣಜದ ಗೋಪುರದ ಮೇಲೆ ಗುಲಾಬಿ ಎದೆಯ ಕಾಕಟೂ ಗಿಳಿಗಳು ಇನ್ನೂ ರೆಕ್ಕೆಯೊಳಗೆ ಮುಖ ಹುದುಗಿಸಿವೆ. ಗ್ಲೆನಿಸ್ ಹಳೆಯ ದಿಂಬೊಂದರ ಮೇಲೆ ಮಂಡಿಯೂರಿ, ಸುಣ್ಣದಪುಡಿ ಮೆತ್ತಿದ ದಾರವನ್ನು ಎಳೆದು ಬಿಗಿಹಿಡಿದು, ವೀಣೆಯ ತಂತಿಯಂತೆ ಒಮ್ಮೆ ಮಿಡಿಯುತ್ತಾರೆ. ಕಪ್ಪು ಬೀದಿಯ ಮೇಲೆ ನೆಟ್ಟಗಿನ ಬಿಳಿ ಗೆರೆ ಮೂಡುತ್ತದೆ. ಆ ಗೆರೆಯ ಗುಂಟ ಇವತ್ತು ಬಣ್ಣ ಬಳಿಯುವುದಿಲ್ಲ. ನಿಲ್ಲಿಸುವ ಗಾಡಿಯ ಚಕ್ರ ತಡೆಯುವ ಕಾಂಕ್ರೀಟ್ ದಿಮ್ಮಿಗಳನ್ನು ಕೂರಿಸುತ್ತಾರೆ. ಏಳು ತಿಂಗಳ ಹಿಂದೆ ತಾವೇ ಹಾರೆ ಹಾಕಿ ಮೀಟಿ ತೆಗೆದ ದಿಮ್ಮಿಗಳು. ಒಟ್ಟು ಹದಿನಾರು. ಹನ್ನೆರಡು ನಿನ್ನೆ ಕೂತವು, ನಾಲ್ಕು ಉಳಿದಿವೆ.

ಮೂವತ್ತಾರು ವರ್ಷದಿಂದ ಈ ಊರಿನ ರಸ್ತೆಗಳ ಗೆರೆಗಳೆಲ್ಲ ಅವರವೇ. ತಾವು ದುಡಿಯುತ್ತಿದ್ದ ಉಣ್ಣೆ ಗೋದಾಮು ಮುಚ್ಚಿದ ವರ್ಷ ಪುರಸಭೆಯ ರಸ್ತೆ ತಂಡಕ್ಕೆ ಸೇರಿದರು. ತಂಡದಲ್ಲಿ ಒಬ್ಬರೇ ಹೆಂಗಸು. "ಮೊದಲ ಆರು ತಿಂಗಳು ನಂಗೆ ಕೊಟ್ಟಿದ್ದು ಟೀ ಕೆಟಲ್ ಮಾತ್ರ" ಎಂದು ನಗುತ್ತಾರೆ. "ಆಮೇಲೆ ಗೆರೆ ಎಳಿಯೋನಿಗೆ ಬೆನ್ನು ಹಿಡ್ಕೊಳ್ತು. ನಾನು ಎಳೆದೆ. ಅವನದಕ್ಕಿಂತ ನೆಟ್ಟಗೆ ಬಂತು. ಪಾಪ, ಅವನು ಮತ್ತೆ ದಾರ ಮುಟ್ಟಲೇ ಇಲ್ಲ." ವರ್ಷಕ್ಕೆ ಇನ್ನೂರ ನಲವತ್ತು ನಿಲುಗಡೆ ಜಾಗ, ಶಾಲೆಯೆದುರಿನ ಎರಡು ದಾಟುಪಟ್ಟಿ, ಹೆದ್ದಾರಿಯವರೆಗೆ ಹನ್ನೊಂದು ಕಿಲೋಮೀಟರ್ ನಡುಗೆರೆ. ಬೇಸಿಗೆಯಲ್ಲಿ ಬಿಸಿಲೇರುವ ಮೊದಲು ಮುಗಿಸಬೇಕು, ಚಳಿಗಾಲದಲ್ಲಿ ಮಂಜು ಆರುವವರೆಗೆ ಕಾಯಬೇಕು. ಮಂಡಿಗಳೆರಡೂ ಸವೆದಿವೆ.

ನಮ್ಮ ದೊಡ್ಡ ಬೀದಿಯಲ್ಲಿ ವಾಹನವನ್ನು ಹಿಂದಕ್ಕೆ ಸರಿಸಿ, ಬಾಲ ಅಂಗಡಿಯ ಕಡೆಗೆ, ಮೂಗು ಬೀದಿಯ ಕಡೆಗೆ, ಓರೆಯಾಗಿ ನಿಲ್ಲಿಸುವುದು ರೂಢಿ. ಹಿಂದಿನ ಚಕ್ರ ದಿಮ್ಮಿಗೆ ತಾಗಿದರೆ ನಿಲ್ಲಿಸಬೇಕು ಎಂದರ್ಥ. ಹಿಂದೆಲ್ಲ ನಮ್ಮ ಯೂಟ್‌ಗಳಿಗೆ, ಅಂದರೆ ಹಿಂದೆ ತೊಟ್ಟಿಯಿರುವ ಸಣ್ಣ ಗಾಡಿಗಳಿಗೆ, ಅದು ಅಳತೆ ತೆಗೆದು ಹೊಲಿದ ಹಾಗಿತ್ತು. ಹತ್ತು ವರ್ಷದ ಹಿಂದೆ ಊರಿಗೆ ಮೊದಲ ಅಮೆರಿಕನ್ ಪಿಕಪ್ ಬಂದಾಗ ಮಕ್ಕಳು ಅದರ ಚಕ್ರದ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಈಗ ಗ್ಲೆನಿಸ್ ಲೆಕ್ಕದಲ್ಲಿ ಮೂವತ್ತೊಂದು ಇವೆ. ಜಾಗದ ಉದ್ದ ಐದೂವರೆ ಮೀಟರ್‌ಗೆ ತುಸು ಕಡಿಮೆ, ಗಾಡಿಯ ಉದ್ದ ಆರು. ಅಗಲಕ್ಕೂ ಸಾಲದೆಂದು ಪುರಸಭೆ ಗೆರೆಗಳನ್ನು ದೂರ ದೂರ ಎಳೆಸಿತು. ಬೇಕರಿ ಸಾಲಿನ ಇಪ್ಪತ್ತು ಜಾಗ ಹದಿನಾರಾಯಿತು. ಆದರೂ ಮೂಗುಗಳು ಬೀದಿಗೆ ಚಾಚಿಕೊಂಡೇ ಇದ್ದವು. ಕುರಿ ಸಾಗಿಸುವ ಲಾರಿಗಳು ತಿರುಗಲಾರದೆ ಹಾರ್ನ್ ಹೊಡೆದವು. ಹಾಗಾದರೆ ದಿಮ್ಮಿ ತೆಗೆದುಬಿಡಿ, ಗಾಡಿ ಇನ್ನಷ್ಟು ಹಿಂದೆ ಹೋಗಲಿ ಎಂದು ಕಳೆದ ಡಿಸೆಂಬರ್‌ನಲ್ಲಿ ಚೀಟಿ ಬಂತು.

"ತೆಗೆದೆ" ಎನ್ನುತ್ತಾರೆ ಗ್ಲೆನಿಸ್. "ಎರಡು ಬೆಳಗಿನ ಕೆಲಸ. ಬೀದಿ ಕಡೆಯಿಂದ ನೋಡಿದೆ, ಮೂಗುಗಳೆಲ್ಲ ಸಾಲಾಗಿ ಒಳಗೆ ಹೋಗಿದ್ವು. ಚೆನ್ನಾಗಿದೆ ಅನ್ಸಿತು. ನಾನು ಯಾವಾಗ್ಲೂ ಬೀದಿ ಕಡೆಯಿಂದ ನೋಡೋಳು ಅಲ್ವಾ. ಫುಟ್‌ಪಾತ್ ಕಡೆ ಹೋಗಿ ನಿಂತು ನೋಡ್ಲಿಲ್ಲ."

ಫುಟ್‌ಪಾತ್ ಕಡೆಯವರು ಮರ್ವ್ ಡಂಕ್ಲಿ. ಉಣ್ಣೆಯನ್ನು ಬೆರಳಿನಿಂದಲೇ ಮುಟ್ಟಿ ದರ್ಜೆ ಹೇಳುತ್ತಿದ್ದ ಮನುಷ್ಯ. ಗೋದಾಮಿನಲ್ಲಿ ಗ್ಲೆನಿಸ್‌ಗೆ ಮೊದಲ ಕೆಲಸ ಕಲಿಸಿದವರೂ ಅವರೇ. ಈಗ ಎಪ್ಪತ್ತೊಂಬತ್ತು ವಯಸ್ಸು. ಕಣ್ಣು ಹೋಗಿ ಒಂಬತ್ತು ವರ್ಷ. ದಿನವೂ ಬೆಳಿಗ್ಗೆ ಏಳಕ್ಕೆ ಅಂಗಡಿಗಳ ಮುಂಚಾವಣಿಯ ಕಂಬಗಳನ್ನು ಎಡಗೈಯಿಂದ ಮುಟ್ಟಿ ಎಣಿಸುತ್ತ ಬೇಕರಿಗೆ ಹೋಗುತ್ತಿದ್ದರು. ಹದಿನಾಲ್ಕನೇ ಕಂಬ ಸಿಕ್ಕಿತೆಂದರೆ ಬೇಕರಿ. ಕಂಬಗಳಿರುವುದು ಫುಟ್‌ಪಾತಿನ ಬೀದಿ ಅಂಚಿನಲ್ಲಿ. ಅವರು ನಡೆಯುವುದೂ ಅಲ್ಲೇ.

ಬೀದಿಯಲ್ಲಿ ಏನು ಬದಲಾದರೂ, ಹಸಿ ಬಣ್ಣವಿರಲಿ, ಅಗೆದ ಗುಂಡಿಯಿರಲಿ, ಹಿಂದಿನ ಸಂಜೆಯೇ ಮರ್ವ್‌ಗೆ ಫೋನ್ ಮಾಡಿ ಹೇಳುವುದು ಗ್ಲೆನಿಸ್ ಒಂಬತ್ತು ವರ್ಷ ನಡೆಸಿಕೊಂಡು ಬಂದ ಪದ್ಧತಿ. ಡಿಸೆಂಬರ್‌ನಲ್ಲಿ ಮಾಡಲಿಲ್ಲ. ಬದಲಾವಣೆ ಬೀದಿಯಲ್ಲಿ ತಾನೆ, ಅವರ ದಾರಿಯಲ್ಲಲ್ಲವಲ್ಲ ಎಂದುಕೊಂಡರು.

ದಿಮ್ಮಿ ಹೋದ ಮೂರನೇ ಬೆಳಿಗ್ಗೆ ಎಂಟನೇ ಕಂಬ ದಾಟುತ್ತಲೇ ಒಂದು ಪಿಕಪ್‌ನ ಬಾಲ ಫುಟ್‌ಪಾತಿನ ಮೇಲೆ ಒಂದು ಮೀಟರ್ ಚಾಚಿತ್ತು. "ಸಣ್ಣ ಕಾರಾಗಿದ್ರೆ ಕೋಲಿಗೆ ಮೊದಲು ಸಿಕ್ಕಿರೋದು" ಎಂದು ಮರ್ವ್ ನನಗೆ ಹೇಳಿದ್ದರು. "ಇದು ಎಷ್ಟು ಎತ್ತರ ಅಂದ್ರೆ ಕೋಲು ಅಡಿಗೆ ನುಗ್ಗಿಬಿಡ್ತು. ದಾರಿ ಖಾಲಿ ಇದೆ ಅಂತ ಕೋಲು ಹೇಳ್ತು, ಎದೆ ಇಲ್ಲ ಅಂತು." ಬಿದ್ದರು. ಬಲ ಮುಂಗೈ ಮುರಿಯಿತು. ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ಏಳು ತಿಂಗಳು ಅಂಗಳದ ಗೇಟು ದಾಟಲಿಲ್ಲ.

ಆಸ್ಪತ್ರೆಯಲ್ಲಿ ಗ್ಲೆನಿಸ್ ಹಾಸಿಗೆಯ ಪಕ್ಕ ಕೂತು, "ದಿಮ್ಮಿ ಕಿತ್ತಿದ್ದು ನಾನು ಮರ್ವ್. ನಾನೇ ವಾಪಸ್ ಇಡ್ತೀನಿ" ಎಂದರಂತೆ. "ಕೊನೇದು ಕೂತ ದಿನ ಹೇಳು. ಬರ್ತೀನಿ. ಅಲ್ಲೀವರ್ಗೂ ಬನ್ ತಗೊಂಡು ಬಂದು ನನ್ನ ಸಮಾಧಾನ ಮಾಡ್ಬೇಡ" ಎಂದರಂತೆ ಮರ್ವ್. ಗ್ಲೆನಿಸ್ ಪುರಸಭೆಯ ಏಳು ಸಭೆಗಳಿಗೆ ಹೋದರು. ಮಾತು ಬಾರದವರು, ಪ್ರತಿ ಸಲ ಒಂದೇ ಕಾಗದ ಓದಿ ಕೂತರು. ಕೊನೆಗೆ ಕಳೆದ ವಾರ ಒಪ್ಪಿಗೆ ಸಿಕ್ಕಿತು. ಬೇಕರಿ ಸಾಲಿಗೆ ದಿಮ್ಮಿ, ಉದ್ದದ ಗಾಡಿಗಳಿಗೆ ಕಣಜದ ಹಿಂದಿನ ಬಯಲು.

ಆರೂವರೆಗೆ ಟ್ರಾಯ್ ಬರುತ್ತಾನೆ. ಬೇಲಿ ಹಾಕುವ ಗುತ್ತಿಗೆದಾರ. ಮರ್ವ್ ಢಿಕ್ಕಿ ಹೊಡೆದದ್ದು ಇವನ ಪಿಕಪ್‌ಗೇ. ಗಾಡಿಯನ್ನು ದೂರದಲ್ಲಿ ನಿಲ್ಲಿಸಿ, ಕೈ ಜೇಬಿನಲ್ಲಿಟ್ಟು ನಡೆದು ಬರುತ್ತಾನೆ.

"ಏನ್ ಗ್ಲೆನ್, ಇನ್ಮೇಲೆ ಇಲ್ಲಿ ನಿಲ್ಸಿದ್ರೆ ನನ್ನ ಮೂಗು ಬೀದೀಲಿ."

"ನಿನ್ನ ಮೂಗು ಹುಟ್ಟಿದಾಗ್ಲಿಂದ ಬೇರೆಯವರ ಬೀದೀಲೇ ಇರೋದು. ಸುಮ್ನೆ ನಿಂತಿರ್ಬೇಡ, ಆ ತುದಿ ಹಿಡಿ."

ಎಪ್ಪತ್ತು ಕಿಲೋ ದಿಮ್ಮಿ. ಇಬ್ಬರೂ ಹಿಡಿದು ಗೆರೆಗೆ ಹೊಂದಿಸುತ್ತಾರೆ. ನಿನ್ನಪ್ಪನ ಹಳೆ ಯೂಟ್‌ನಲ್ಲೂ ಬೇಲಿ ಕೆಲಸ ನಡೆಯುತ್ತಿತ್ತಲ್ಲ ಎಂದು ಟ್ರಾಯ್‌ನನ್ನು ಕೇಳುತ್ತೇನೆ. ಅವನು ದಿಮ್ಮಿಯನ್ನು ನೆಲಕ್ಕೆ ಬಿಗಿಯುವ ಕಬ್ಬಿಣದ ಗೂಟವನ್ನು ಅದರ ತೂತಿಗೆ ಇಳಿಸುತ್ತ ಹೇಳುತ್ತಾನೆ: "ನಡೀತಿತ್ತು. ಹೆದ್ದಾರೀಲಿ ಹಸುಗಳ ಟ್ರೈಲರ್ ಎಳೀವಾಗ ಮಾತ್ರ ಇದರಂಥದ್ದಿಲ್ಲ, ಸುಳ್ಳು ಹೇಳಲ್ಲ. ಆದ್ರೆ ಅದು ತಿಂಗಳಿಗೆ ನಾಲ್ಕು ದಿನ. ಮಿಕ್ಕ ದಿನ ಬನ್ ತರೋಕೆ ಹೋಗ್ತೀನಿ." ಮರ್ವ್ ಮನೆಗೆ ಹೋಗಿದ್ದೆಯಾ ಎಂದರೆ ತಲೆ ತಗ್ಗಿಸುತ್ತಾನೆ. "ಹೋಗಿದ್ದೆ. ಬಿಯರ್ ಡಬ್ಬ ಇಟ್ಟು ಬಂದೆ. ಬೈತಾರೇನೋ ಅಂತ ಕಾದೆ. ನನ್ನ ಬೇಲಿ ಕೆಲಸ ಹೇಗಿದೆ ಅಂತ ಕೇಳಿದ್ರು."

"ಗೂಟ ಓರೆ ಆಯ್ತು ನೋಡು" ಎಂದು ಗ್ಲೆನಿಸ್ ಸುತ್ತಿಗೆ ಎತ್ತುತ್ತಾರೆ.

ಹದಿಮೂರು, ಹದಿನಾಲ್ಕು, ಹದಿನೈದು. ಬಿಸಿಲು ಕಣಜದ ನೆತ್ತಿಗೆ ಬಿದ್ದು ಕಾಕಟೂಗಳು ಕಿರುಚತೊಡಗುತ್ತವೆ. ಒಂದೇ ಉಳಿದಿದೆ, ಎಂಟನೇ ಕಂಬಕ್ಕೂ ಒಂಬತ್ತನೆಯದಕ್ಕೂ ನಡುವಿನದು. ಅದನ್ನು ಬೇಕೆಂದೇ ಕೊನೆಗಿಟ್ಟುಕೊಂಡಿದ್ದಾರೆ. ಗ್ಲೆನಿಸ್ ಬೆನ್ನು ನೆಟ್ಟಗೆ ಮಾಡಿ ಥರ್ಮೋಸ್‌ನಿಂದ ಟೀ ಬಗ್ಗಿಸಿಕೊಳ್ಳುತ್ತಾರೆ.

ನಿಮಗೇನು ಆಸೆ ಎಂದು ನಾನು ಕೇಳಿದರೆ ಗೆರೆಯ ಗುಂಟ ಕಣ್ಣು ಹಾಯಿಸುತ್ತಾರೆ. "ನನ್ನ ಗೆರೆ ಯಾರ ಕಣ್ಣಿಗೂ ಬೀಳ್ಬಾರ್ದು. ಗೆರೆ ಇದೆ ಅನ್ನೋದೇ ಮರೆತು ಜನ ಓಡಾಡ್ಬೇಕು. ಜನಕ್ಕೆ ಅದು ಕಾಣ್ತು ಅಂದ್ರೆ ನಾನೆಲ್ಲೋ ತಪ್ಪಿದೀನಿ ಅಂತ." ಟೀ ಆರುತ್ತದೆ. "ದಿಮ್ಮಿ ವಾಪಸ್ ಇಡಬಹುದು ಹುಡುಗಿ. ಏಳು ತಿಂಗಳು ಎಲ್ಲಿಂದ ತಂದಿಡ್ಲಿ? ಎಪ್ಪತ್ತೊಂಬತ್ತರಲ್ಲಿ ಏಳು ತಿಂಗಳು ಅಂದ್ರೆ ಎಷ್ಟು ದೊಡ್ಡದು ಗೊತ್ತಾ?"

ಏಳೂ ಕಾಲಿಗೆ ಬೀದಿಯ ಆ ತುದಿಯಲ್ಲಿ ಕೋಲಿನ ಸದ್ದು. ನಿನ್ನೆ ಸಂಜೆ ಫೋನ್ ಹೋಗಿತ್ತು.

ಮೊದಲು ಏಳು ನಿಮಿಷದ ದಾರಿಯಾಗಿತ್ತು. ಈಗ ಮೂರನೇ ಕಂಬಕ್ಕೇ ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ಕೋಟು ಹೆಗಲಿನಿಂದ ಜೋತುಬಿದ್ದಿದೆ, ಒಳಗಿನ ಮನುಷ್ಯ ಸಣ್ಣಗಾಗಿದ್ದಾರೆ. ಬಲಗೈ ಕೋಲನ್ನು ಮೊದಲಿನಂತೆ ಬೀಸುವುದಿಲ್ಲ, ತಳ್ಳುತ್ತದೆ. ಟ್ರಾಯ್ ಎರಡು ಹೆಜ್ಜೆ ಮುಂದಿಡುತ್ತಾನೆ. ಗ್ಲೆನಿಸ್ ಅವನ ತೋಳು ಹಿಡಿದು ನಿಲ್ಲಿಸುತ್ತಾರೆ.

ಎಂಟನೇ ಕಂಬ ಮುಟ್ಟಿ ಮರ್ವ್ ನಿಲ್ಲುತ್ತಾರೆ. ಕಂಬವನ್ನು ಬಿಡುವುದಿಲ್ಲ.

"ಗ್ಲೆನ್? ಮುಗೀತಾ?"

"ಒಂದಿದೆ. ನಿನ್ನೆದುರಿಗೇ ಇದೆ."

"ಅಲ್ಲಿ ಇನ್ಯಾರು ಉಸಿರಾಡ್ತಿರೋದು?"

"ನಾನು ಟ್ರಾಯ್, ಮರ್ವ್."

"ಗಾಡಿ ಎಲ್ಲಿ?"

"ಕಣಜದ ಹಿಂದೆ."

"ಅಲ್ಲಿಂದ ನಡ್ಕೊಂಡು ಬಂದ್ಯಾ? ಪರ್ವಾಗಿಲ್ವೇ, ಕಾಲು ಇದೆ ನಿಂಗೆ." ಟ್ರಾಯ್ ನಗಲು ಹೋಗಿ ಕೆಮ್ಮುತ್ತಾನೆ. ಮರ್ವ್ ತಲೆ ಓರೆ ಮಾಡುತ್ತಾರೆ. "ಹೊಡಿ ಗ್ಲೆನ್. ನಾನು ಕೇಳ್ತೀನಿ."

ಟ್ರಾಯ್ ಗೂಟ ಹಿಡಿಯುತ್ತಾನೆ. ಗ್ಲೆನಿಸ್ ಹೊಡೆಯುತ್ತಾರೆ. ಮೊದಲ ಏಟುಗಳ ಸದ್ದು ಟೊಳ್ಳಾಗಿದೆ, ಆಮೇಲೆ ಗಟ್ಟಿಯಾಗುತ್ತದೆ. ಒಂದು ಗೂಟ ಇಳಿಯಿತು. ಎರಡನೆಯದರ ಆರನೇ ಏಟಿಗೆ ಸದ್ದು ಒಮ್ಮೆಲೇ ಮೊಂಡಾಗುತ್ತದೆ, ನೆಲ ಹಿಡಿದುಕೊಂಡ ಸದ್ದು.

"ಕೂತಿತು" ಎನ್ನುತ್ತಾರೆ ಮರ್ವ್.

ಗ್ಲೆನಿಸ್ ಸುತ್ತಿಗೆ ಕೆಳಗಿಟ್ಟು, ಮೂವತ್ತಾರು ವರ್ಷದಲ್ಲಿ ಮೊದಲ ಬಾರಿಗೆ, ತಮ್ಮ ಕೆಲಸ ನೋಡಲು ಫುಟ್‌ಪಾತ್ ಹತ್ತಿ ನಿಲ್ಲುತ್ತಾರೆ. ಮರ್ವ್ ಕಂಬದಿಂದ ಕೈ ಬಿಡುತ್ತಾರೆ. ಕೋಲು ಮುಂದೆ ಹೋಗುತ್ತದೆ, ಅದರ ಹಿಂದೆ ಎದೆ ಹೋಗುತ್ತದೆ, ಗಾಳಿಯಲ್ಲಿ ಚಾಚಿದ ಎಡಗೈ ಹುಡುಕುತ್ತದೆ, ತಣ್ಣಗಿನ ಮರದ ಕಂಬಕ್ಕೆ ತಾಗುತ್ತದೆ.

"ಒಂಬತ್ತು."